ಅಕ್ಷರದಕ್ಕನ ಮೌಸು ಕೈಕೊಟ್ಟ ಬೆಳಿಗ್ಗೆ

ಬೆಳಗಿನಿಂದ ಹೇಳಿದ ಮಾತು ಕೇಳಿಕೊಂಡು ಓಡಾಡುತ್ತಿದ್ದ ಮೌಸು, ಸರಿಯಾಗಿ ಕೆಲಸದ ಗಳಿಗೆಗೆ ಅಕ್ಷರದಕ್ಕನಿಗೆ ಕೈಕೊಟ್ಟಿತು. ಇಡೀ ದಿನ ಕೈಯೊಳಗೇ ಕೂತಿರುವ ಪ್ರಾಣಿಗೆ ಕೈಕೊಡುವುದು ಸುಲಭವಿರಬಹುದು. ಕೈ ಕೊಡಿಸಿಕೊಂಡವರ ಪಾಡು ಕೇಳಬೇಕು.

ಅವಳೆದುರಿನ ಪರದೆಯ ಮೇಲೆ ‘ಬಸ್ ನಿಲ್ದಾಣ’ ಎಂಬ ಅಕ್ಷರಗಳು ಉದ್ದಕ್ಕೂ ಕಾಲು ಚಾಚಿ ಮಲಗಿದ್ದವು. ಮೂಲೆಯ ಪುಟ್ಟ ಚೌಕಗಳಲ್ಲಿ ಮೂರು ಮುಖಗಳು: ಹೊಸ ನಿಲ್ದಾಣದ ಸಮಿತಿಯ ಅಧ್ಯಕ್ಷರದೊಂದು, ಇಂಜಿನಿಯರದೊಂದು, ಅವಳದೇ ಒಂದು. ನಿಲ್ದಾಣದ ಹಣೆಯ ಮೇಲೆ ಆಳೆತ್ತರದ ಉಕ್ಕಿನ ಅಕ್ಷರ ಕೂರಿಸಬೇಕೆಂದೂ, ಆ ಅಕ್ಷರ ಅಕ್ಷರದಕ್ಕ ಬರೆದದ್ದೇ ಆಗಬಹುದೆಂದೂ ಸಮಿತಿ ಹೆಚ್ಚುಕಡಿಮೆ ಒಪ್ಪಿಯಾಗಿತ್ತು. ಹೆಚ್ಚುಕಡಿಮೆಯಲ್ಲಿ ಕಡಿಮೆಯಾದದ್ದೇನೆಂದು ಇಂಜಿನಿಯರು ಈಗಷ್ಟೇ ಬಾಯಿಬಿಟ್ಟಿದ್ದರು. ‘ಲ್ದಾ’ ಅಕ್ಷರದ ಅಡಿಯಲ್ಲಿರುವ ದ-ಒತ್ತು ಕೆಳಗೆ ಅಡ್ಡಲಾಗಿ ಹಾಯುವ ಉಕ್ಕಿನ ಕೊಳವೆಗೆ ತಗಲುತ್ತದೆ. ಅದನ್ನು ಚೂರು ಮೇಲೆತ್ತಬೇಕು, ಹಾಗೆಂದು ಮೇಲಿನ ಲ-ಕಾರಕ್ಕೂ ತಾಗಕೂಡದು. ಆಗದಿದ್ದರೆ ಬೇಡ, ಕಂಪ್ಯೂಟರಿನಲ್ಲೇ ಇರುವ ಸಿದ್ಧ ಅಕ್ಷರ ಹಾಕಿ ಕತ್ತರಿಸಿಬಿಡೋಣ, ಯಂತ್ರದವರು ಕಾಯುತ್ತಿದ್ದಾರೆ ಎಂದು ಅವರು ಗಡಿಬಿಡಿಯಲ್ಲೇ ಮಾತು ಮುಗಿಸಿದರು.

ಅಧ್ಯಕ್ಷರು ತಾಳ್ಮೆಯ ಮನುಷ್ಯ. “ಈಗಲೇ, ನಮ್ಮ ಕಣ್ಣೆದುರೇ ಸರಿ ಮಾಡಿಬಿಡಿ ಅಮ್ಮಾ,” ಎಂದರು. “ಅಷ್ಟರಲ್ಲಿ ನಾವು ಶೌಚಾಲಯದ ಬಾಗಿಲು ಯಾವ ಕಡೆಗಿರಬೇಕು ಅಂತ ತೀರ್ಮಾನ ಮಾಡ್ತೀವಿ. ಬಾಗಿಲು ಮುಗಿದ ಕೂಡಲೇ ನಿಮ್ಮ ಅಕ್ಷರ.”

ಹೀಗೆ ಅಕ್ಷರದಕ್ಕನ ಬಾಳಿನ ದೊಡ್ಡ ಕೆಲಸ ಒಂದು ಶೌಚಾಲಯದ ಬಾಗಿಲಿಗೆ ನೇತುಬಿತ್ತು. ಆದರೂ ಅವಳಿಗೆ ಖುಷಿಯೇ. ಒತ್ತು ಎತ್ತುವುದು ಎಷ್ಟರ ಕೆಲಸ? ಮೌಸಿನ ಮೇಲೆ ಕೈಯಿಟ್ಟಳು. ಕೈ ಮುಂದೆ ಹೋಯಿತು. ಪರದೆಯ ಮೇಲಿನ ಬಾಣ ಹೋಗಲಿಲ್ಲ. ಕೈ ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಬಾಣ ಗೋಡೆಗೆ ಹೊಡೆದ ಮೊಳೆಯಂತೆ ನಿಂತಲ್ಲೇ ನಿಂತಿತ್ತು. ಗುಂಡಿ ಒತ್ತಿದಳು. ಎಷ್ಟು ಒತ್ತಿದರೂ ಒತ್ತು ಏಳಲಿಲ್ಲ.

ಆ ಒತ್ತು ಅವಳ ಅಪ್ಪನದು. ಊರಿನ ಹಳೆಯ ನಿಲ್ದಾಣದ ಫಲಕ ಬರೆದವರು ಅವರು. ಅಪ್ಪ ಏಣಿಯ ಮೇಲೆ, ಮಗಳು ಏಣಿಯ ಬುಡದಲ್ಲಿ. ಮೇಲಿಂದ ಅಪ್ಪ ಬಣ್ಣದ ಹನಿ ಬೀಳಿಸುತ್ತಿದ್ದರು, ಕೆಳಗಿನಿಂದ ಮಗಳು ಬೈಗುಳ ಏರಿಸುತ್ತಿದ್ದಳು. ಅವರ ದ-ಒತ್ತು ಲ-ಕಾರದ ಅಡಿಯಲ್ಲಿ ಬೆಕ್ಕು ಮುದುಡಿ ಮಲಗಿದ ಹಾಗಿರುತ್ತಿತ್ತು. ಬಸ್ಸು ಕಾಯುವ ಮಕ್ಕಳು ಅದನ್ನು ಬೆಕ್ಕೆಂದೇ ಕರೆಯುತ್ತಿದ್ದವು. ಕಳೆದ ವರ್ಷ ಕಟ್ಟಡ ಕೆಡವಿದಾಗ ಫಲಕವೂ ತಗಡಿನ ಜೊತೆ ತಗಡಾಗಿ ಹೋಯಿತು. ಅಪ್ಪ ಅದಕ್ಕೂ ಮುಂಚೆಯೇ ಹೋಗಿದ್ದರು. ಈಗ ಆ ಬೆಕ್ಕು ಉಳಿದಿದ್ದುದು ಮಗಳ ಕೈಯ ನೆನಪಿನಲ್ಲಿ ಮಾತ್ರ. ಅದನ್ನವಳು ಗೆರೆಗೆರೆಯಾಗಿ ಪರದೆಗಿಳಿಸಿದ್ದಳು. ಸಿದ್ಧ ಅಕ್ಷರ ಏರಿದರೆ ಊರಿನಲ್ಲಿ ಅದಕ್ಕೆ ಮಲಗಲು ಜಾಗವೇ ಇಲ್ಲ.

ಇನ್ನು ಅಕ್ಷರದಕ್ಕನ ಮನೆಯ ಸಂಗತಿ ಸ್ವಲ್ಪ ಹೇಳಬೇಕು. ಅದನ್ನು ಹೇಳದೆ ಆ ಮೌಸಿನ ಕಾಯಿಲೆ ಯಾವ ಪಂಡಿತನಿಗೂ ತಿಳಿಯುವಂಥದ್ದಲ್ಲ.

ಆ ಮನೆಗೆ ಅವಳು ಹಿರಿಸೊಸೆ. ಕಿರಿಸೊಸೆಯನ್ನು ಎಲ್ಲರೂ ಚಿಕ್ಕಿ ಎನ್ನುತ್ತಾರೆ. ಗಂಡಂದಿರಿಬ್ಬರೂ ಟೈರಿನಂಗಡಿ ಇಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ಊರಿಗೆಲ್ಲ ಗಾಳಿ ಹಾಕುತ್ತಾರೆ. ಮನೆಯನ್ನು ಆಳುವವರು ಅತ್ತೆ, ಮತ್ತು ಅತ್ತೆಯ ಒಂದೇ ಒಂದು ಕಾನೂನು: ಒಬ್ಬ ಸೊಸೆಗೆ ಬಂದದ್ದು ಇನ್ನೊಬ್ಬಳಿಗೂ ಬರಬೇಕು, ಅದೇ ಅಂಗಡಿಯದು, ಅದೇ ಬಣ್ಣದ್ದು, ಅದೇ ಅಳತೆಯದು. ಈ ಕಾನೂನು ಸುಮ್ಮನೆ ಹುಟ್ಟಿದ್ದಲ್ಲ. ಅತ್ತೆ ತಾವು ಎರಡನೆಯ ಸೊಸೆಯಾಗಿ ಬಂದ ಮನೆಯಲ್ಲಿ ಮೊದಲನೆಯವಳಿಗೆ ಕೊಡೆ ಸಿಕ್ಕಿತ್ತು, ಇವರಿಗೆ ಅದರ ನೆರಳು. ಅದೂ ಬಿಸಿಲು ಅವರ ಕಡೆಗಿಲ್ಲದಿದ್ದರೆ. ನನ್ನ ಸೊಸೆಯರ ನಡುವೆ ಇಷ್ಟು ಸಂದು ಬಿಡುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿಕೊಂಡಿದ್ದರಂತೆ. ಹಾಗಾಗಿ ಆ ಮನೆಯಲ್ಲಿ ಎರಡು ಕೊಡೆ, ಎರಡು ಕನ್ನಡಿ, ಒಂದೇ ಹೊತ್ತು ತೋರಿಸುವ ಎರಡು ಗಡಿಯಾರ. ಚಿಕ್ಕಿಗೆ ಕನ್ನಡಕ ಬಂದಾಗ, ಎರಡೂ ಕಣ್ಣು ನೆಟ್ಟಗಿದ್ದ ಅಕ್ಷರದಕ್ಕನೂ ಬರೀ ಗಾಜಿನ ಕನ್ನಡಕವೊಂದನ್ನು ಕೆಲವು ಕಾಲ ಮೂಗಿನ ಮೇಲೆ ಹೊತ್ತಿದ್ದಳು.

ಹಿರಿಸೊಸೆ ತವರಿನಿಂದ ಬ್ರಷ್ಷು ತಂದಾಗ ಕಿರಿಸೊಸೆಗೂ ಬ್ರಷ್ಷು ಬಂತು. ಚಿಕ್ಕಿ ಅದರಲ್ಲಿ ಒಂದು ಕುದುರೆ ಬರೆದಳು. ನೋಡಿದವರು ಮೇಜು ಚೆನ್ನಾಗಿದೆ ಎಂದರು. ಮುಂದೆ ಫಲಕ ಬರೆಸುವವರು ಕಡಿಮೆಯಾಗಿ, ಎಲ್ಲರೂ ಕಂಪ್ಯೂಟರಿನಲ್ಲಿ ಮಾಡಿಸಿದ ಪ್ಲಾಸ್ಟಿಕ್ ಫಲಕ ತೂಗುಹಾಕತೊಡಗಿದಾಗ, ಅಕ್ಷರದಕ್ಕ ನಡುವಯಸ್ಸಿನಲ್ಲಿ ಕಂಪ್ಯೂಟರ್ ಕಲಿಯಲು ಹೊರಟಳು. ಮೌಸು ಹಿಡಿದ ಮೊದಲ ದಿನಗಳಲ್ಲಿ ಅವಳು ಬರೆದ ಅಕ್ಷರ, ಚಳಿಜ್ವರ ಬಂದವರು ಸಹಿ ಹಾಕಿದಂತಿತ್ತು. ತಲೆಕಟ್ಟು ಸರಿಯಾಗುವಷ್ಟರಲ್ಲಿ ತಲೆ ಕೆಡುತ್ತಿತ್ತು. ಆದರೂ ಬಿಡಲಿಲ್ಲ. ಏಣಿಯ ಬುಡದಲ್ಲಿ ಬೆಳೆದವಳು. ಕೆಳಗಿನಿಂದ ಶುರುಮಾಡುವುದು ಅವಳಿಗೆ ಹೊಸದಲ್ಲ. ಅವಳಿಗೊಂದು ಕಂಪ್ಯೂಟರ್ ಬಂದದ್ದಕ್ಕೆ ಚಿಕ್ಕಿಗೂ ಒಂದು ಬಂತು. ಅದು ಸುಮ್ಮನೆ ದೂಳು ತಿನ್ನುವುದನ್ನು ನೋಡಲಾರದೆ ಚಿಕ್ಕಿ ಅದರಲ್ಲೇ ಮಕ್ಕಳಿಗೆ ಲೆಕ್ಕದ ಪಾಠ ಹೇಳಲು ಕೂತಳು. ಮಕ್ಕಳು ಹೆಚ್ಚಾದವು, ಮರ್ಯಾದೆಯೂ ಹೆಚ್ಚಿತು. ಅತ್ತೆಯ ಕಾನೂನಿನಿಂದ ಕನ್ನಡಕ ಮಾತ್ರವಲ್ಲ, ಕಸುಬೂ ಬಂದದ್ದುಂಟು.

ಮೊನ್ನೆ ಅಕ್ಷರದಕ್ಕನ ಹಳೆಯ ಮೌಸು ಸತ್ತಾಗ, ಚಿಕ್ಕಿಯ ಗಟ್ಟಿಮುಟ್ಟಾದ ಮೌಸನ್ನೂ ಅದರ ಜೊತೆಗೇ ಸಾಗಹಾಕಿ, ಎರಡು ಹೊಸ ಮೌಸು ತಂದರು: ಕಪ್ಪಗೆ, ಗುಂಡಗೆ, ತಂತಿಯಿಲ್ಲದವು. ಬಾಲವಿಲ್ಲದ ಇಲಿ ಎಂದು ಅತ್ತೆ ಮೊದಲ ದಿನ ಮೂಗು ಮುರಿದದ್ದು ಬಿಟ್ಟರೆ ಯಾರಿಗೂ ತಕರಾರಿರಲಿಲ್ಲ. ಅದಲುಬದಲಾದೀತೆಂದು ಚಿಕ್ಕಿ ಮಾತ್ರ ತನ್ನದರ ಹೊಟ್ಟೆಯ ಮೇಲೆ ಉಗುರುಬಣ್ಣದ ಒಂದು ಕೆಂಪು ಚುಕ್ಕಿ ಇಟ್ಟಿದ್ದಳು.

ಅಂತೂ ಆ ಬೆಳಿಗ್ಗೆ ಅಕ್ಷರದಕ್ಕ ಸಭೆಗೆ ಸೇರಿಕೊಂಡು, ತನ್ನ ಪರದೆ ಎಲ್ಲರಿಗೂ ಕಾಣುವಂತೆ ಮಾಡಿಟ್ಟು, ಅಧ್ಯಕ್ಷರು ಬರುವುದು ತಡವೆಂದು ತಿಳಿದು ತಲೆ ಬಾಚಿಕೊಂಡು ಬರಲು ಎದ್ದುಹೋಗಿದ್ದಳು. ಬರುವಾಗ ತಲೆ ಸರಿಯಾಗಿತ್ತು, ಮೌಸು ಕೆಟ್ಟಿತ್ತು.

ಮೊದಲು ಅದನ್ನು ಮೇಜಿನ ಮೇಲೆ ಮೆಲ್ಲಗೆ ಕುಟ್ಟಿದಳು. ಮನೆಯ ರೇಡಿಯೊದಿಂದ ಹಿಡಿದು ಗಂಡನ ತನಕ ಎಲ್ಲದಕ್ಕೂ ಅವಳ ಮೊದಲ ಮದ್ದು ಅದೇ. ಬಾಣ ಅಲುಗಲಿಲ್ಲ. ತಿರುಗಿಸಿ ನೋಡಿದಳು. ಹೊಟ್ಟೆಯಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಪಕ್ಕದಲ್ಲಿ ಏನೋ ಕೆಂಪಗೆ ಉಜ್ಜಿದಂಥ ಮಸುಕು, ದೀಪದ್ದೇ ನೆರಳಿರಬೇಕು. ಅಂದರೆ ಜೀವ ಇದೆ, ಮಾತಿಲ್ಲ. ಹೊಟ್ಟೆಯ ಸ್ವಿಚ್ಚನ್ನು ಆರಿಸಿ ಹೊತ್ತಿಸಿದಳು. ಇಲ್ಲ. ದೀಪದ ಕಣ್ಣಿಗೆ ಕೂದಲು ಸಿಕ್ಕಿರಬಹುದೆಂದು ಉಫ್ ಎಂದು ಊದಿ, ಬಟ್ಟೆಯ ತುದಿಯಿಂದ ಒರೆಸಿದಳು. ಮೈಕು ತೆರೆದೇ ಇತ್ತು. ಅಧ್ಯಕ್ಷರು ಮಾತು ನಿಲ್ಲಿಸಿ, ಗಾಳಿ ಜೋರಾಗಿದೆಯಾ ಅಮ್ಮಾ ಎಂದು ವಿಚಾರಿಸಿ ಮತ್ತೆ ಬಾಗಿಲಿಗೆ ಮರಳಿದರು. ಟಿಕೆಟ್ ಕಿಟಕಿಯ ಎದುರಿಗೆ ಬಾಗಿಲಿಟ್ಟರೆ ಸಾಲಿನಲ್ಲಿ ನಿಂತವರ ಗತಿ ಏನು ಎಂದು ಇಂಜಿನಿಯರು ಕೇಳುತ್ತಿದ್ದರು. ಅಕ್ಷರದಕ್ಕನಿಗೆ ಆ ಪ್ರಶ್ನೆಯ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಚರ್ಚೆ ಬೆಳೆಯಲಿ, ಬೇಕಾದರೆ ಊರಿನ ಅಷ್ಟೂ ಬಾಗಿಲುಗಳ ಚರ್ಚೆಯಾಗಲಿ ಎಂದು ಮನಸ್ಸಿನಲ್ಲೇ ಹರಸಿದಳು.

ಮೇಜಿನ ಗಾಜು ನುಣುಪಾಯಿತೇನೋ ಎಂದು ಮೌಸನ್ನು ರಟ್ಟಿನ ಮೇಲೆ ಓಡಿಸಿದಳು, ತೊಡೆಯ ಮೇಲೆ ಓಡಿಸಿದಳು, ಕೊನೆಗೆ ಗೋಡೆಯ ಮೇಲೂ ಓಡಿಸಿದಳು. ಸೆಲ್ಲು ಹೋಗಿರಬೇಕೆಂದು ಕುರ್ಚಿ ಹತ್ತಿ ಗೋಡೆಗಡಿಯಾರದ ಸೆಲ್ಲು ಕಿತ್ತು ಹಾಕಿದಳು. ಗಡಿಯಾರ ನಿಂತಿತು, ಹೊತ್ತು ನಿಲ್ಲಲಿಲ್ಲ, ಬಾಣ ಹೊರಡಲಿಲ್ಲ. ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿದ್ದ, ಹುಣಸೆಬೀಜದಷ್ಟಿರುವ ತುಂಡನ್ನು ಎಳೆದು ಬೇರೆ ತೂತಿಗೆ ಚುಚ್ಚಿದಳು. ಕಂಪ್ಯೂಟರ್ ಟಿಡಿಂಗ್ ಎಂದು ಬಾಯಿಬಿಟ್ಟು ಗುರುತು ಹಿಡಿಯಿತು. ಗುರುತು ಹಿಡಿದೂ ಮಾತಾಡಿಸದ ನೆಂಟರ ಹಾಗೆ ಬಾಣ ಮುಖ ತಿರುಗಿಸಿಕೊಂಡೇ ಇತ್ತು.

ಉಳಿದದ್ದು ಒಂದೇ ದಾರಿ: ಕಂಪ್ಯೂಟರನ್ನೇ ಆರಿಸಿ ಹೊತ್ತಿಸುವುದು. ಆದರೆ ಆರಿಸಿದರೆ ಸಭೆಯಿಂದ ಹೊರಬಿದ್ದ ಹಾಗೆ. ಮತ್ತೆ ಒಳಗೆ ಬರಲು ಮೌಸು ಬೇಕು. ಮೌಸಿಗಾಗಿ ತಾನೇ ಆರಿಸುವುದು. ಕೀಬೋರ್ಡಿನಲ್ಲೇ ಒತ್ತು ಎತ್ತುವ ಉಪಾಯ ಇದ್ದಿರಬಹುದು. ಆದರೆ ಅವಳ ವಿದ್ಯೆಯೆಲ್ಲ ಕೈಯ ಓಟದ್ದು. ಕೀಲಿಗಳಲ್ಲಿ ಅವಳಿಗೆ ಗೊತ್ತಿದ್ದುದು ಎರಡೇ, ಬರೆದದ್ದನ್ನು ಉಳಿಸಿ ಕಾಪಾಡುವುದು ಮತ್ತು ಈಗಷ್ಟೇ ಮಾಡಿದ್ದನ್ನು ಅಳಿಸಿ ಮೊದಲಿನಂತಾಗಿಸುವುದು.

ಅಷ್ಟರಲ್ಲಿ ಬಾಣ ಹೊರಟಿತು.

ಅಕ್ಷರದಕ್ಕನ ಎರಡೂ ಕೈ ಆಗ ತಲೆಯ ಮೇಲಿದ್ದವು. ಮೌಸು ಮೇಜಿನ ಮೇಲೆ ಅನಾಥವಾಗಿ ಬಿದ್ದಿತ್ತು. ಬಾಣ ಮಾತ್ರ ಪರದೆಯ ಮೇಲೆ ಗಂಭೀರವಾಗಿ ನಡೆದುಕೊಂಡು ಬಂದು, ‘ಬ’ ಅಕ್ಷರದ ಹತ್ತಿರ ನಿಂತು, ಅದನ್ನು ಕಚ್ಚಿಕೊಂಡು ಬಲಕ್ಕೆ ಹೊರಟಿತು. ‘ಬ’ ಹೋಗಿ ‘ಣ’ ಅಕ್ಷರದ ತಲೆಯ ಮೇಲೆ ಕೂತಿತು. ಹಿಂದೆಯೇ ‘ನಿ’ ಹೊರಟಿತು.

“ಅಮ್ಮಾ,” ಎಂದರು ಅಧ್ಯಕ್ಷರು ಆತಂಕದಿಂದ, “ನಿಲ್ದಾಣ ನಡೀತಾ ಇದೆ.”

“ಅದು... ಬಿಡಿಸಿ ನೋಡ್ತಾ ಇದ್ದೀನಿ ಸಾರ್,” ಎಂದಳು ಅಕ್ಷರದಕ್ಕ. ಅಳಿಸುವ ಕೀಲಿ ಒತ್ತಿ ಒತ್ತಿ ಅಕ್ಷರಗಳನ್ನು ಮನೆಗೆ ಕರೆತಂದಳು. ತಂದ ಹಾಗೆ ಅವು ಮತ್ತೆ ಹೊರಟವು. ಸಿಟ್ಟಿನಲ್ಲಿ ಮೌಸನ್ನು ಹಿಡಿದು ಮೇಜಿನ ಮೇಲೆ ಗರಗರ ತಿರುಗಿಸಿದಳು. ಬಾಣಕ್ಕೆ ಏನೂ ಆಗಲಿಲ್ಲ. ಆದರೆ ಗೋಡೆಯ ಆಚೆ, ಚಿಕ್ಕಿಯ ಕೋಣೆಯ ಕಂಪ್ಯೂಟರಿನಿಂದ ಹಿಂಡು ಮಕ್ಕಳ ನಗು ಒಮ್ಮೆಲೇ ಸಿಡಿಯಿತು. ಮಿಸ್, ನಿಮ್ಮ ಬಾಣಕ್ಕೆ ತಲೆ ತಿರುಗ್ತಿದೆ ಎಂದು ಯಾವುದೋ ತುಂಟ ದನಿ. ಸುಮ್ಮನಿರಿ, ಬೆಳಿಗ್ಗೆಯಿಂದ ಈ ಕಂಪ್ಯೂಟರಿಗೆ ಏನೋ ಬಡಿದಿದೆ ಎಂದು ಚಿಕ್ಕಿಯ ದನಿ. ಮಕ್ಕಳ ಪಾಠ ಈಗಷ್ಟೇ ಶುರುವಾಗಿತ್ತು.

ಇದೊಂದು ಬಾಕಿ ಇತ್ತು ಎಂದುಕೊಂಡು ಅಕ್ಷರದಕ್ಕ ಕೈಬಿಟ್ಟು ಕೂತಳು. ನಗು ನಿಂತಿತು. ಚಿಕ್ಕಿಯ ಪಾಠ ಗೋಡೆ ದಾಟಿ ಕೇಳತೊಡಗಿತು. ತ್ರಿಕೋನ ಬರೆಯುವುದು ಹೇಗೆಂಬ ಪಾಠ. “ನೋಡಿ, ಇಲ್ಲಿಂದ ಮೇಲಕ್ಕೆ ಹೋಗೋಣ...” ಬಾಣ ಮೇಲಕ್ಕೆ ಹೋಯಿತು. “ಇಲ್ಲಿ ನಿಂತು, ಬಲಗಡೆ ಕೆಳಗಿಳಿಯೋಣ...” ಬಾಣ ನಿಂತು, ಬಲಗಡೆ ಕೆಳಗಿಳಿಯಿತು. “ಈಗ ಹೊರಟಲ್ಲಿಗೇ ವಾಪಸ್.” ಬಾಣ, ಜಾಣ ಮಗುವಿನ ಹಾಗೆ, ಹೊರಟಲ್ಲಿಗೇ ವಾಪಸ್ಸಾಯಿತು. ಮಿಸ್, ನಮಗೇನೂ ಕಾಣ್ತಿಲ್ಲ ಎಂದು ಗೋಡೆಯಾಚೆ ಒಂದು ದನಿ.

ಅಕ್ಷರದಕ್ಕ ನೆಟ್ಟಗೆ ಕೂತಳು. ಮೌಸನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿದಳು. ಗೋಡೆಯಾಚೆ ನಗು. ನಿಲ್ಲಿಸಿದಳು. ನಗು ನಿಂತಿತು. ಇನ್ನೊಂದು ಸುತ್ತು. ಇನ್ನೊಂದು ನಗು. ಮೌಸನ್ನು ಬೋರಲು ಹಾಕಿ ಬೆಳಕಿಗೆ ಹಿಡಿದಳು. ಆ ಕೆಂಪು ಮಸುಕು ದೀಪದ ನೆರಳಲ್ಲ. ಯಾರೋ ಕೆರೆದು ತೆಗೆದ ಉಗುರುಬಣ್ಣ.

ಮೌಸು ಕೆಟ್ಟಿರಲಿಲ್ಲ. ತನ್ನ ಕೈಯಲ್ಲಿ ಕೂತು ವಾರಗಿತ್ತಿಯ ಕೆಲಸ ಮಾಡುತ್ತಿತ್ತು, ಅಷ್ಟೆ.

“ಅತ್ತೇ,” ಎಂದು ಅವಳು ಕೂಗಿದ ರಭಸಕ್ಕೆ ಅಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡರು. ಅತ್ತೆ ಹೆಗಲ ಮೇಲೆ ದೂಳೊರೆಸುವ ಬಟ್ಟೆ ಹಾಕಿಕೊಂಡೇ ಬಂದರು. ವಿಚಾರಿಸಿದ್ದಕ್ಕೆ ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದೇನೂ ಇದೆಯೆಂದು ಅವರಿಗೆ ಅನ್ನಿಸಿಯೂ ಇರಲಿಲ್ಲ. ಅಕ್ಷರದಕ್ಕ ತಲೆ ಬಾಚುತ್ತಿದ್ದಾಗ ಎರಡೂ ಮೌಸನ್ನು ಒಂದೇ ತಟ್ಟೆಯಲ್ಲಿಟ್ಟುಕೊಂಡು ಹೋಗಿ, ಎರಡನ್ನೂ ಒಂದೇ ಬಟ್ಟೆಯಲ್ಲಿ ಒರೆಸಿದ್ದರಂತೆ. ನೋಡಿದರೆ ಒಂದಕ್ಕೆ ಚುಕ್ಕಿಯಿತ್ತು, ಇನ್ನೊಂದಕ್ಕಿರಲಿಲ್ಲ.

“ಒಬ್ಬಳಿಗೆ ಚುಕ್ಕಿ ಇರೋದು, ಒಬ್ಬಳಿಗೆ ಇಲ್ಲದಿರೋದು, ನಾಳೆ ನೀನೇ ನೊಂದ್ಕೊಂಡ್ರೆ?” ಎಂದರು ಅತ್ತೆ. “ಅದಕ್ಕೇ ಕೆರೆದು ತೆಗೆದೆ. ಈಗ ನೋಡು, ಎರಡೂ ಒಂದೇ ಥರ.”

ಅದೇ ಈಗಿನ ಕಷ್ಟ ಎಂದು ಬಿಡಿಸಿ ಹೇಳುತ್ತ ಕೂರಲು ಪುರಸೊತ್ತಿರಲಿಲ್ಲ. ಪರದೆಯಲ್ಲಿ ಬಾಗಿಲು ಟಿಕೆಟ್ ಕಿಟಕಿಯ ಎದುರಿನಿಂದ ಎದ್ದು ಪಕ್ಕದ ಗೋಡೆಗೆ ಬಂದಾಗಿತ್ತು; ಬಹುತೇಕ ಒಪ್ಪಿಗೆಯ ಕಡೆಗೆ ತೆರೆದುಕೊಂಡಿತ್ತು. ಅಕ್ಷರದಕ್ಕ ತನ್ನ ಬಳಿಯಿದ್ದ ಮೌಸನ್ನು ಅತ್ತೆಯ ಕೈಗಿಟ್ಟು, ಇದನ್ನು ಚಿಕ್ಕಿಗೆ ಕೊಟ್ಟು ಅವಳದ್ದನ್ನು ತನ್ನಿ, ಓಡಿ ಎಂದು ಪಿಸುಗುಟ್ಟಿದಳು. ಅತ್ತೆ ನಿಜವಾಗಿಯೂ ಓಡಿದರು. ಆ ವಯಸ್ಸಿನಲ್ಲಿ ಅವರು ಹಾಗೆ ಓಡಬಲ್ಲರೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಗೋಡೆಯಾಚೆ ಚಿಕ್ಕಿಯೊಂದಿಗೆ ಏನೋ ಗುಸುಗುಸು ನಡೆಯಿತು. ಆಮೇಲೆ ಸದ್ದಿಲ್ಲ. ಬಾಗಿಲಿನಿಂದ ಇಣುಕಿದರೆ, ಓಣಿಯಂಥ ನಡುಮನೆಯಲ್ಲಿ ಅತ್ತೆ ನಿಂತಿದ್ದಾರೆ. ಎರಡೂ ಮೌಸು ತಟ್ಟೆಯಲ್ಲಿವೆ. ಚಿಕ್ಕಿಯ ಕೈಯಿಂದ ತಂದ ಮೌಸಿಗೆ ಬೆರಳಿನ ಜಿಡ್ಡು ಮೆತ್ತಿತ್ತೆಂದು ಒರೆಸುತ್ತಿದ್ದಾರೆ. ಅದನ್ನೊರೆಸಿದ ಮೇಲೆ ಇದನ್ನು ಒರೆಸದಿದ್ದರೆ ಹೇಗೆಂದು ಇದನ್ನೂ ಒರೆಸುತ್ತಿದ್ದಾರೆ. ಆಮೇಲೆ ಎರಡನ್ನೂ ದಿಟ್ಟಿಸಿ ನೋಡಿದರು. ಮುಖದಲ್ಲಿ ಮೊದಲ ಸಲ ಒಂದು ಅನುಮಾನ ಹಾದುಹೋಯಿತು. ಕೈಗೆ ಸಿಕ್ಕಿದ್ದನ್ನು ಹಿಡಿದು, ಮುಖ ಗಟ್ಟಿ ಮಾಡಿಕೊಂಡು ಬಂದು ಕೊಟ್ಟರು. ಇನ್ನೊಂದನ್ನು ಅತ್ತ ಕೊಟ್ಟರು.

ಅಕ್ಷರದಕ್ಕ ಮೌಸನ್ನು ಅಲುಗಿಸಿದಳು. ಗೋಡೆಯಾಚೆ ಮಕ್ಕಳು ನಕ್ಕವು. ಅತ್ತೆ ತಪ್ಪನ್ನೂ ಇಬ್ಬರಿಗೂ ಸಮನಾಗಿಯೇ ಹಂಚಿದ್ದರು.

“ಬಾಗಿಲು ಆಯ್ತು ಅಮ್ಮಾ,” ಎಂದರು ಅಧ್ಯಕ್ಷರು. “ನಿಮ್ಮ ಅಕ್ಷರ?”

ಇಂಜಿನಿಯರು, ಇನ್ನೂ ಎತ್ತಿಲ್ಲವಲ್ಲ, ಹಾಗಾದರೆ ಸಿದ್ಧ ಅಕ್ಷರವನ್ನೇ ಕಳಿಸಲೇ ಎಂದರು. ಅವರ ಕೈ ಆಗಲೇ ಪಕ್ಕಕ್ಕೆ ಹೋಗಿತ್ತು. ಅವರ ಮೌಸು ಪಾಪ, ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

ತಾನೇ ಮೌಸು ಹಿಡಿದು ಪಕ್ಕದ ಕೋಣೆಗೆ ಓಡಿ ಬದಲಾಯಿಸಿಕೊಂಡು ಬರಬಹುದಿತ್ತೆಂದು ಈಗ ಕುಳಿತು ಓದುವವರಿಗೆ ಹೊಳೆಯುತ್ತದೆ. ಸಂಜೆ ಕುಳಿತು ಕಾಫಿ ಕುಡಿಯುವಾಗ ಅವಳಿಗೂ ಹೊಳೆಯಿತು. ಆದರೆ ಎದ್ದುಹೋದರೆ ಅಷ್ಟರಲ್ಲೇ ಸಿದ್ಧ ಅಕ್ಷರ ಹೊರಟುಬಿಡುತ್ತದೆಂಬ ಭಯ ಅವಳನ್ನು ಕುರ್ಚಿಗೆ ಅಂಟಿಸಿತ್ತು. ಕಣ್ಣೆದುರು ಆಗ ಕುಣಿಯುತ್ತಿದ್ದುದು ಒಂದೇ ಚಿತ್ರ: ಚಿಕ್ಕಿಯ ಮಾತಿಗೆ ತಲೆಬಾಗಿ ಮೇಲೆ ಹೋಗಿ, ಕೆಳಗಿಳಿದು, ವಾಪಸ್ಸಾದ ಬಾಣ.

“ಒಂದೇ ನಿಮಿಷ ಸಾರ್. ನಿಮ್ಮ ಕಣ್ಣೆದುರೇ ಎತ್ತುತ್ತೀನಿ,” ಎಂದವಳೇ ಗೋಡೆಯ ಕಡೆ ತಿರುಗಿದಳು. “ಚಿಕ್ಕೀ, ನಿನ್ನ ಕೈಯಲ್ಲಿರೋದು ನನ್ನ ಮೌಸು ಕಣೇ. ನೀನು ಓಡಿಸಿದ್ದು ಇಲ್ಲಿ ಓಡುತ್ತೆ. ನಾನು ಹೇಳಿದ ಹಾಗೆ ನಡೆಸ್ತೀಯಾ?”

ಚಿಕ್ಕಿ ಲೆಕ್ಕದವಳು; ಕೂಡಿಸಿಕೊಳ್ಳಲು ಅಷ್ಟು ಮಾತು ಸಾಕಾಯಿತು. “ಅಯ್ಯೋ ಅಕ್ಕಾ, ಹಾಗಾದ್ರೆ ಇಷ್ಟೊತ್ತು ಇಲ್ಲಿ ಕುಣಿದಿದ್ದು ನೀನಾ?” ಎಂದಳು. ಮಕ್ಕಳಿಗೆ, ಬಾಯಿ ಮುಚ್ಚಿಕೊಂಡು ಕೇಳಿ, ಇದೂ ರೇಖೆಯ ಪಾಠವೇ ಎಂದಳು. “ಹೇಳಕ್ಕ.”

“ಎಡಗಡೆ. ಇನ್ನೂ ಎಡಗಡೆ. ಸಾಕು, ಜಾಸ್ತಿ ಆಯ್ತು. ಒಂದು ಸಾಸಿವೆಯಷ್ಟು ಬಲಕ್ಕೆ. ಈಗ ಕೆಳಗೆ... ಕೆಳಗೆ... ಅಲ್ಲೇ. ಒತ್ತು.”

ಚಿಕ್ಕಿ ಒತ್ತಿದಳು. ದ-ಒತ್ತಿನ ಸುತ್ತ ಪುಟ್ಟ ಚೌಕಗಳು ಮೂಡಿದವು. ಬೆಕ್ಕು ಕಣ್ಣು ಬಿಟ್ಟಿತ್ತು.

“ಬಿಡಬೇಡ. ಹಿಡ್ಕೊಂಡೇ ಮೇಲೆ ಎತ್ತು. ಮೆಲ್ಲಗೆ, ಮಗು ಎತ್ತಿದ ಹಾಗೆ. ಮೇಲೆ... ತಲೆ ಇನ್ನೂ ಸ್ವಲ್ಪ ಮೇಲೆ...”

ಮೂಲೆಯ ಚೌಕಗಳಲ್ಲಿ ಅಧ್ಯಕ್ಷರೂ ಇಂಜಿನಿಯರೂ ಒಟ್ಟಿಗೆ ತಲೆ ಎತ್ತಿದರು. ಅಕ್ಷರದಕ್ಕನಿಗೆ ನಗಲೂ ಉಸಿರಿರಲಿಲ್ಲ. ಒತ್ತು ಕೊಳವೆಯಿಂದ ಬಿಡಿಸಿಕೊಂಡು ಏರಿತು, ಏರಿತು, ಲ-ಕಾರದ ಹೊಟ್ಟೆಗೆ ತಗುಲಿಯೇಬಿಟ್ಟಿತು.

“ತಾಗಿತು. ಇಳಿಸು. ಒಂದು ಕೂದಲೆಳೆ.”

“ನಿನ್ನ ಕೂದಲಾ, ಅತ್ತೆ ಕೂದಲಾ?” ಎಂದು ಗೋಡೆ ಕೇಳಿತು. ಅತ್ತೆಯ ಕೂದಲು ತೆಳ್ಳಗೆ.

“ಅತ್ತೆದು.”

ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಅತ್ತೆ ತಮಗೇ ಗೊತ್ತಿಲ್ಲದಂತೆ ತಲೆ ಮುಟ್ಟಿಕೊಂಡರು. ಒತ್ತು ಕದಲಿತೋ ಇಲ್ಲವೋ ಎಂಬಷ್ಟು ಕದಲಿತು. ಮೇಲೆ ಒಂದು ಗೆರೆಯ ಬೆಳಕು, ಕೆಳಗೆ ಒಂದು ಬೆರಳಿನ ಬೆಳಕು. ನಡುವೆ ಬೆಕ್ಕು, ತುಸು ಎತ್ತರದ ಹಾಸಿಗೆಯಲ್ಲಿ, ಮೊದಲಿಗಿಂತ ಸುಖವಾಗಿ ಮುದುಡಿ ಮಲಗಿತ್ತು.

“ಬಿಡು,” ಎಂದಳು ಅಕ್ಷರದಕ್ಕ. “ಇನ್ನು ಮುಟ್ಟಬೇಡ. ಕೈ ಎತ್ತಿಬಿಡು.”

ಚಿಕ್ಕಿ ಕೈ ಎತ್ತಿದಳು. ಅವಳ ಕಂಪ್ಯೂಟರಿನಲ್ಲಿ ಮಕ್ಕಳೂ ಒಟ್ಟಾಗಿ ಕೈ ಎತ್ತಿದವು. ಅಕ್ಷರದಕ್ಕ ಕಾಪಾಡುವ ಕೀಲಿಯನ್ನು ಒಂದಲ್ಲ, ಮನಸ್ಸಿಗೆ ಸಮಾಧಾನವಾಗುವಷ್ಟು ಸಲ ಒತ್ತಿದಳು.

ಇಂಜಿನಿಯರು ಮೂಗನ್ನು ಪರದೆಗೆ ತಂದು ಅಳೆದು ನೋಡಿದರು. ಕೊಳವೆಗೆ ತಾಗುವುದಿಲ್ಲ, ಮೇಲಕ್ಕೂ ತಾಗುವುದಿಲ್ಲ, ಕತ್ತರಿಸಲು ಅಡ್ಡಿಯಿಲ್ಲ ಎಂದು, ತಮ್ಮ ಮಟ್ಟಿಗೆ ಬಹಳ ಉತ್ಸಾಹದಿಂದಲೇ, ಒಪ್ಪಿದರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು.

“ಈ ಒತ್ತನ್ನ ಎಲ್ಲೋ ನೋಡಿದೀನಲ್ಲಮ್ಮಾ,” ಎಂದರು. “ಚಿಕ್ಕವನಿದ್ದಾಗ ಹಳೇ ನಿಲ್ದಾಣದಲ್ಲಿ ನಮ್ಮಮ್ಮ ತೋರಿಸ್ತಿದ್ದಳು. ಅಲ್ಲಿ ಬೆಕ್ಕು ಮಲಗಿದೆ, ಬಸ್ಸು ಬರೋ ತನಕ ಎಬ್ಬಿಸಬೇಡ ಅಂತ.”

ಅಕ್ಷರದಕ್ಕ ಹೂಂ ಸಾರ್ ಎಂದಳು. ಕಡತವನ್ನು ಉಕ್ಕು ಕತ್ತರಿಸುವವರಿಗೆ ಕಳಿಸಲು ಮತ್ತೆ ಗೋಡೆಯಾಚೆಗೆ ಎಡ, ಬಲ, ಕೆಳಗೆ ಎನ್ನಬೇಕಾಯಿತು. ಅಷ್ಟರಲ್ಲಿ ಚಿಕ್ಕಿಯ ಮಕ್ಕಳೂ ಜೊತೆಗೆ ಹೇಳಿಕೊಡತೊಡಗಿದ್ದರಿಂದ ಅದು ಒಂದು ಸಲ ತಪ್ಪಿ, ಎರಡನೆಯ ಸಲ ಹೋಯಿತು.

ಮಧ್ಯಾಹ್ನ ಎರಡೂ ಮೌಸುಗಳನ್ನು ನಡುಮನೆಯ ಮೇಜಿನ ಮೇಲಿಟ್ಟು ವಿಚಾರಣೆ ನಡೆಯಿತು. ಯಾವುದು ಯಾರದೆಂದು ಓಡಿಸಿ ನೋಡಿ ಗೊತ್ತುಮಾಡಿದ್ದಾಯಿತು. ಇನ್ನು ಮುಂದೆ ಗುರುತು ಇರಲೇಬೇಕೆಂದು ಸೊಸೆಯರಿಬ್ಬರೂ ಒಂದೇ ದನಿಯಲ್ಲಿ ವಾದಿಸಿದರು. ಮದುವೆಯಾಗಿ ಬಂದಾಗಿನಿಂದ ಅವರಿಬ್ಬರೂ ಅತ್ತೆಯ ಎದುರು ನಿಂತು ವಾದಿಸಿದ್ದು ಅದೇ ಮೊದಲು. ಅತ್ತೆ ಬಹಳ ಹೊತ್ತು ಯೋಚಿಸಿ, ಸರಿ, ನಿಮ್ಮ ಮಾತೇ ಆಗಲಿ ಎಂದರು. ತಾವೇ ಉಗುರುಬಣ್ಣದ ಸೀಸೆ ತಂದು, ಕನ್ನಡಕ ಏರಿಸಿ, ಉಸಿರು ಬಿಗಿಹಿಡಿದು ಒಂದು ಮೌಸಿನ ಹೊಟ್ಟೆಗೆ ದುಂಡಗೆ ಒಂದು ಕೆಂಪು ಚುಕ್ಕಿ ಇಟ್ಟರು. ಅದು ಆರುವ ತನಕ ಕಾದರು. ಆಮೇಲೆ ಇನ್ನೊಂದನ್ನೂ ತಿರುಗಿಸಿ, ಅಷ್ಟೇ ದುಂಡಗೆ, ಅದೇ ಜಾಗದಲ್ಲಿ, ಇನ್ನೊಂದು ಚುಕ್ಕಿ ಇಟ್ಟರು.

ಉಕ್ಕಿನ ಅಕ್ಷರಗಳು ನಿಲ್ದಾಣದ ಹಣೆ ಏರಿದ ದಿನ ಮೂವರೂ ಹೋಗಿದ್ದರು. ಬಸ್ಸುಗಳ ಹೊಗೆ, ಗಂಟೆಯ ಸದ್ದು, ಬಿಸಿಲು. ಅತ್ತೆಯ ತಲೆಯ ಮೇಲೆ ಎರಡೂ ಕಡೆಯಿಂದ ಎರಡು ಕೊಡೆ. ಬೆಂಚಿನ ಮೇಲೆ ಕಾಲು ಆಡಿಸುತ್ತ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು ಮೇಲೆ ಬೆರಳು ತೋರಿಸಿ ಅಮ್ಮನಿಗೆ ಏನೋ ಹೇಳಿದಳು. ಏನೆಂದು ಕೇಳಿಸಲಿಲ್ಲ, ಅಕ್ಷರದಕ್ಕನಿಗೆ ಕೇಳಿಸಬೇಕಾಗಿಯೂ ಇರಲಿಲ್ಲ. ಅವಳು ಕತ್ತು ಹಿಂದಕ್ಕೆ ಚಾಚಿ, ಏಣಿಯ ಬುಡದಲ್ಲಿ ನಿಂತವಳ ಹಾಗೆ, ನೋಡುತ್ತಲೇ ಇದ್ದಳು.

“ಇದರಲ್ಲಿ ಚಿಕ್ಕಿ ಮಾಡಿದ್ದು ಯಾವುದು?” ಎಂದು ಅತ್ತೆ ಕೇಳಿದರು. ಅಕ್ಷರದಕ್ಕ ತೋರಿಸಿದಳು.

“ಅಷ್ಟೇನಾ,” ಎಂದರು ಅತ್ತೆ ಮುಖ ಸಣ್ಣದು ಮಾಡಿಕೊಂಡು. ಅಕ್ಷರಗಳನ್ನು ಈ ತುದಿಯಿಂದ ಆ ತುದಿಗೆ ಇನ್ನೊಮ್ಮೆ ನೋಡಿದರು. “ಮುಂದಿನ ಫಲಕದಲ್ಲಿ ಅರ್ಧ ಅವಳ ಕೈಲಿ ಎತ್ತಿಸು.”